ಔಟ್‌ಲುಕ್ ಫೈಲು ಪದೇ ಪದೇ ಕೆಟ್ಟಾಗ ನಾನು ಹುಡುಕಿದ್ದು ಎಲ್ಲಿ

ಮೈಕ್ರೋಸಾಫ್ಟಿನ ಇಮೇಲ್ ಪ್ರೋಗ್ರಾಂ ಔಟ್‌ಲುಕ್ ತೆರೆದ ಕೂಡಲೇ, ಮೇಲುಗಳನ್ನೆಲ್ಲ ಕೂಡಿಡುವ ಪಿಎಸ್‌ಟಿ ಫೈಲಿನಲ್ಲಿ ದೋಷವಿದೆ, ಇನ್‌ಬಾಕ್ಸ್ ರಿಪೇರಿ ಟೂಲ್ ಓಡಿಸಿ ಎಂಬ ಸಂದೇಶ ಒಮ್ಮೆ ಬಂದರೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ. ಕರೆಂಟ್ ಹೋಗಿರಬಹುದು, ಯಾರೋ ಅವಸರಕ್ಕೆ ಪವರ್ ಬಟನ್ ಒತ್ತಿ ಹಿಡಿದಿರಬಹುದು. ರಿಪೇರಿ ಮಾಡಿ ಕೆಲಸ ಮುಂದುವರಿಸಿದರಾಯಿತು. ಅದೇ ಫೈಲು ಕೆಲವೇ ದಿನಗಳಲ್ಲಿ ಮತ್ತೆ ಕೆಟ್ಟರೆ ಮಾತ್ರ ವಿಷಯ ಬೇರೆ. ಆಗ ರಿಪೇರಿ ಟೂಲನ್ನು ಬದಿಗಿಟ್ಟು, ಫೈಲು ಎಲ್ಲಿ ಕೂತಿದೆ, ಔಟ್‌ಲುಕ್ ಬಿಟ್ಟು ಅದನ್ನು ಇನ್ಯಾರು ಮುಟ್ಟುತ್ತಿದ್ದಾರೆ ಎಂದು ನೋಡುತ್ತೇನೆ. ಟೂಲು ಸರಿಪಡಿಸುವುದು ಫೈಲನ್ನು. ಅದನ್ನು ಕೆಡಿಸುತ್ತಿರುವುದು ಹೊರಗೆಲ್ಲೋ ಇರುತ್ತದೆ.

ಸಣ್ಣ ಕಚೇರಿಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅಂಥ ಒಂದು ಕಚೇರಿಯಲ್ಲಿ ಎರಡು ಯಂತ್ರಗಳಲ್ಲಿ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಈ ತೊಂದರೆ ಶುರುವಾಯಿತು. ಸಂದೇಶವೂ ಒಂದೇ. ಔಟ್‌ಲುಕನ್ನೇ ತೆಗೆದು ಹೊಸದಾಗಿ ಹಾಕಿಕೊಡಿ ಎಂಬುದು ಅವರ ಬೇಡಿಕೆ. ಅದಕ್ಕೆ ನಾನು ಒಪ್ಪಲಿಲ್ಲ. ಔಟ್‌ಲುಕ್ ಮರುಸ್ಥಾಪನೆ ಮಾಡಿದರೆ ಪ್ರೋಗ್ರಾಂ ಹೊಸದಾಗುತ್ತದೆ, ಪಿಎಸ್‌ಟಿ ಇದ್ದಲ್ಲೇ ಇರುತ್ತದೆ, ಅದರೊಳಗಿನ ಪೆಟ್ಟೂ ಹಾಗೇ ಇರುತ್ತದೆ.

ಮೊದಲು ಫೈಲು ಯಾವ ಜಾತಿಯದು ಎಂದು ನೋಡಿಕೊಳ್ಳಬೇಕು. ಫೈಲ್ ಮೆನುವಿನಲ್ಲಿ ಅಕೌಂಟ್ ಸೆಟ್ಟಿಂಗ್ಸ್ ತೆರೆದು ಡೇಟಾ ಫೈಲ್ಸ್ ಪುಟಕ್ಕೆ ಹೋದರೆ ಪಟ್ಟಿ ಸಿಗುತ್ತದೆ. ಅಲ್ಲಿರುವುದು ಓಎಸ್‌ಟಿ ಆದರೆ ಅರ್ಧ ಚಿಂತೆ ಕಳೆದಂತೆ. ಅದು ಸರ್ವರಿನಲ್ಲಿರುವ ಮೇಲುಗಳ ಸ್ಥಳೀಯ ಪ್ರತಿ ಅಷ್ಟೆ. ಔಟ್‌ಲುಕ್ ಮುಚ್ಚಿ ಹಳೆಯ ಓಎಸ್‌ಟಿಯ ಹೆಸರು ಬದಲಿಸಿದರೆ, ಮುಂದಿನ ಸಲ ತೆರೆದಾಗ ಹೊಸದೊಂದು ತಾನಾಗಿ ಕಟ್ಟಿಕೊಳ್ಳುತ್ತದೆ. ಔಟ್‌ಬಾಕ್ಸಿನಲ್ಲಿ ಸಿಕ್ಕಿಕೊಂಡದ್ದು, ಈ ಕಂಪ್ಯೂಟರಿನಲ್ಲಿ ಮಾತ್ರ ಎಂದು ಗುರುತಾದ ಫೋಲ್ಡರುಗಳು ಮುಂತಾಗಿ ಸರ್ವರಿಗೆ ತಲುಪದೇ ಉಳಿದದ್ದನ್ನು ಮೊದಲು ಎತ್ತಿಟ್ಟುಕೊಳ್ಳಬೇಕು. ಹೆಸರು ಬದಲಿಸಿ, ಅಳಿಸಬೇಡಿ. ಪಿಎಸ್‌ಟಿ ಹಾಗಲ್ಲ. ಪಾಪ್ ಖಾತೆ ಎಂದರೆ ಮೇಲನ್ನು ಸರ್ವರಿನಿಂದ ಕಂಪ್ಯೂಟರಿಗೆ ಇಳಿಸಿಕೊಳ್ಳುವ ಬಗೆಯದು; ಹಾಗೆ ಇಳಿದು ಬಂದ ಮೇಲೆ ಸಾಮಾನ್ಯವಾಗಿ ಪಿಎಸ್‌ಟಿಯೇ ಮೂಲಪ್ರತಿ. ಈ ಕಚೇರಿಯಲ್ಲಿದ್ದವು ಎರಡೂ ಪಾಪ್ ಖಾತೆಗಳೇ.

ಹಾಗಾಗಿ ರಿಪೇರಿಗೂ ಮುಂಚೆ ಎರಡೂ ಫೈಲುಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡತೊಡಗಿದೆ. ಎರಡನೇ ಯಂತ್ರದ ಕಾರಣ ಸಿಕ್ಕಿದ್ದು ಅಲ್ಲೇ. ನಕಲು ಅರ್ಧಕ್ಕೆ ಬಂದು ನಿಂತಿತು, ಡಿಸ್ಕು ಕರಕರ ಅಂದಿತು, ಸ್ವಲ್ಪ ಹೊತ್ತಿಗೆ ಸೈಕ್ಲಿಕ್ ರಿಡಂಡೆನ್ಸಿ ಚೆಕ್ ಎಂಬ ದೋಷ ಬಂತು. ಓದಿದ ದತ್ತಾಂಶ ತಾಳೆಯಾಗುತ್ತಿಲ್ಲ ಎಂದು ಡಿಸ್ಕು ಹೇಳುವ ರೀತಿ ಅದು. ವಿಂಡೋಸಿನ ಆಗುಹೋಗುಗಳನ್ನು ತೋರಿಸುವ ಈವೆಂಟ್ ವ್ಯೂವರಿನ ಸಿಸ್ಟಂ ಲಾಗ್ ತೆರೆದರೆ ಡಿಸ್ಕ್ ಹೆಸರಿನಲ್ಲಿ 7ನೇ ಸಂಖ್ಯೆಯ ಈವೆಂಟುಗಳು ಸಾಲುಗಟ್ಟಿ ನಿಂತಿದ್ದವು. ಡಿಸ್ಕಿನಲ್ಲಿ ಬ್ಯಾಡ್ ಬ್ಲಾಕ್, ಅಂದರೆ ಓದಲಾಗದ ಕೆಟ್ಟ ಜಾಗ ಇದೆ ಎಂಬುದು ಅದರ ಅರ್ಥ. ಇಂಥ ಡಿಸ್ಕಿನ ಮೇಲೆ ಪಿಎಸ್‌ಟಿ ರಿಪೇರಿ ಮಾಡುವುದೂ ಒಂದೇ, ಮಾಡದಿರುವುದೂ ಒಂದೇ. ಡಿಸ್ಕಿನ ದೋಷ ಹುಡುಕುವ ಚೆಕ್‌ಡಿಸ್ಕ್ ಓಡಿಸುವ ಆಸೆಯನ್ನೂ ತಡೆದುಕೊಳ್ಳಬೇಕು. ಸಾಯುತ್ತಿರುವ ಡಿಸ್ಕನ್ನು ತಾಸುಗಟ್ಟಲೆ ಉಜ್ಜಿದರೆ ಉಳಿದದ್ದೂ ಹೋಗಬಹುದು. ಓದಲು ಬಂದಷ್ಟನ್ನು ಮೊದಲು ಬೇರೆ ಡಿಸ್ಕಿಗೆ ಎತ್ತಿಕೊಂಡು, ಡಿಸ್ಕು ಬದಲಿಸಿ, ಆ ಪ್ರತಿಯ ಮೇಲೆ ರಿಪೇರಿ ಮಾಡಿದೆವು. ಆ ಯಂತ್ರದ ಕಥೆ ಮುಗಿಯಿತು.

ಮೊದಲನೇ ಯಂತ್ರ ಅಷ್ಟು ಸುಲಭಕ್ಕೆ ಬಾಯಿ ಬಿಡಲಿಲ್ಲ. ಡಿಸ್ಕು ಚೆನ್ನಾಗಿತ್ತು, ನಕಲು ಸರಾಗವಾಗಿ ಆಯಿತು. ರಿಪೇರಿ ಮಾಡಿಕೊಟ್ಟರೆ ಎರಡು ಮೂರು ದಿನ ಸುಮ್ಮನಿದ್ದು ಮತ್ತೆ ಅದೇ ರಾಗ. "ನಾನೇನೂ ಮಾಡಿಲ್ಲ ಸರ್, ದಿನಾ ತೆರೆಯೋ ಹಾಗೆ ತೆರೆದೆ ಅಷ್ಟೆ" ಎಂದರು ಅದನ್ನು ಬಳಸುವ ಮೇಡಂ. ಅವರ ಮಾತು ನಿಜವೇ ಆಗಿತ್ತು. ಸಂದೇಶ ಬಂದಾಗಲೆಲ್ಲ ಗಂಟೆ ಎಷ್ಟು, ಹಿಂದಿನ ದಿನ ಯಂತ್ರ ಹೇಗೆ ಬಂದ್ ಮಾಡಿದಿರಿ ಎಂದು ಒಂದು ಚೀಟಿಯಲ್ಲಿ ಬರೆದಿಡಿ ಎಂದಿದ್ದೆ. ನನ್ನ ಅನುಭವದಲ್ಲಿ ಯಾವ ಟೂಲಿಗಿಂತಲೂ ಹೆಚ್ಚು ಕೆಲಸಕ್ಕೆ ಬರುವುದು ಇಂಥ ಚೀಟಿ. ದೋಷ ಪ್ರತಿಸಲವೂ ಬೆಳಗ್ಗೆಯೇ ಬರುತ್ತಿತ್ತು, ಅದೂ ಹಿಂದಿನ ಸಂಜೆ ಔಟ್‌ಲುಕ್ ಮುಚ್ಚಿದ ಬೆನ್ನಿಗೇ ಶಟ್‌ಡೌನ್ ಮಾಡಿದ ದಿನಗಳ ಮರುದಿನ.

ಔಟ್‌ಲುಕ್ ಕಿಟಕಿ ಮುಚ್ಚಿದ ಮಾತ್ರಕ್ಕೆ ಔಟ್‌ಲುಕ್ ಮುಚ್ಚಿದಂತಲ್ಲ. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಈ ಯಂತ್ರದಲ್ಲಿ ಪ್ರೋಗ್ರಾಂ ಬಹಳ ಹೊತ್ತು ಹಿನ್ನೆಲೆಯಲ್ಲಿ ಓಡುತ್ತಲೇ ಇತ್ತು. ಪಿಎಸ್‌ಟಿ ಒಳಗೆ ಮೇಲುಗಳು ತುಂಡು ತುಂಡು ಬ್ಲಾಕುಗಳಾಗಿ ಕೂತಿರುತ್ತವೆ. ಯಾವ ಬ್ಲಾಕು ಎಲ್ಲಿದೆ ಎಂದು ಹೇಳುವ ಬಿ-ಟ್ರೀ ಸೂಚಿಗಳು ಬೇರೆ. ಪುಟಗಳೆಲ್ಲ ಅಚ್ಚಾಗಿ ಪರಿವಿಡಿ ಮಾತ್ರ ಹಳೆಯದೇ ಉಳಿದ ಪುಸ್ತಕದಂತೆ, ಬ್ಲಾಕು ಬರೆದು ಸೂಚಿ ತಿದ್ದುವ ಮೊದಲೇ ಪ್ರೋಗ್ರಾಂ ಸತ್ತರೆ ಫೈಲು ಗೊಂದಲಕ್ಕೆ ಬೀಳುತ್ತದೆ. ಹೀಗೆ ಹಿನ್ನೆಲೆಯಲ್ಲಿ ಉಳಿಯುವುದಕ್ಕೆ ಸಾಮಾನ್ಯ ಕಾರಣ ಆ್ಯಡ್-ಇನ್‌ಗಳು, ಅಂದರೆ ಔಟ್‌ಲುಕ್‌ಗೆ ಸೇರಿಸಿಕೊಂಡ ಸಣ್ಣ ಪ್ರೋಗ್ರಾಂಗಳು. ಕಂಟ್ರೋಲ್ ಕೀಲಿ ಒತ್ತಿ ಹಿಡಿದು ಔಟ್‌ಲುಕ್ ತೆರೆದರೆ ಸೇಫ್ ಮೋಡ್ ಬರುತ್ತದೆ, ಆ್ಯಡ್-ಇನ್‌ಗಳು ಓಡುವುದಿಲ್ಲ. ಹಾಗೆ ತೆರೆದು ಮುಚ್ಚಿದೆ, ಬೇಗನೆ ಮುಚ್ಚಿಕೊಂಡಿತು. ಒಂದೊಂದೇ ಆ್ಯಡ್-ಇನ್ ಆರಿಸುತ್ತಾ ಹೋದಾಗ ಯಾರೂ ಬಳಸದ ಹಳೆಯದೊಂದು ಸಿಕ್ಕಿಬಿತ್ತು. ಅದನ್ನು ತೆಗೆದೆ.

ಆದರೂ ನನಗೆ ಸಮಾಧಾನವಾಗಲಿಲ್ಲ. ಆ್ಯಡ್-ಇನ್ ಹಳೆಯದು, ತೊಂದರೆ ಹೊಸದು. ನಡುವೆ ಏನು ಬದಲಾಯಿತು? ಡೇಟಾ ಫೈಲ್ಸ್ ಪುಟದಲ್ಲಿ ಓಪನ್ ಫೈಲ್ ಲೊಕೇಶನ್ ಒತ್ತಿದಾಗ ಉತ್ತರ ಕಣ್ಣೆದುರೇ ಇತ್ತು. ಔಟ್‌ಲುಕ್ ತನ್ನ ಪಿಎಸ್‌ಟಿಯನ್ನು ಸಾಮಾನ್ಯವಾಗಿ ಡಾಕ್ಯುಮೆಂಟ್ಸ್ ಒಳಗಿನ ಔಟ್‌ಲುಕ್ ಫೈಲ್ಸ್ ಫೋಲ್ಡರಿನಲ್ಲಿಡುತ್ತದೆ. ಈ ಯಂತ್ರದಲ್ಲಿ ಇಡೀ ಡಾಕ್ಯುಮೆಂಟ್ಸ್ ಫೋಲ್ಡರನ್ನೇ ಯಾರೋ ಕ್ಲೌಡ್ ಸಿಂಕ್‌ಗೆ, ಅಂದರೆ ಫೈಲುಗಳ ಪ್ರತಿಯನ್ನು ತಾನಾಗಿ ಅಂತರ್ಜಾಲದ ಸರ್ವರಿಗೆ ಕಳಿಸುವ ವ್ಯವಸ್ಥೆಗೆ ಸೇರಿಸಿದ್ದರು. ಬ್ಯಾಕಪ್ ಆಗುತ್ತದಲ್ಲ, ಒಳ್ಳೆಯದೇ ಎಂಬ ಯೋಚನೆ. ಕಡತ, ಚಿತ್ರಗಳಿಗೆ ಒಳ್ಳೆಯದೇ. ಪಿಎಸ್‌ಟಿ ಮಾತ್ರ ಔಟ್‌ಲುಕ್ ತೆರೆದಿರುವಷ್ಟು ಹೊತ್ತೂ ಬದಲಾಗುತ್ತಲೇ ಇರುವ ಫೈಲು. ಹೊಸ ಮೇಲು ಬಾರದಿದ್ದರೂ ಸುಮ್ಮನೆ ತೆರೆದರೇ ಅದರ ಮಾರ್ಪಾಟಿನ ಸಮಯ ಬದಲಾಗುತ್ತದೆ. ಸಿಂಕ್ ತಂತ್ರಾಂಶ ಅಷ್ಟು ದೊಡ್ಡ ಫೈಲನ್ನು ಮತ್ತೆ ಮತ್ತೆ ಮೇಲೇರಿಸಲು ನೋಡುತ್ತದೆ, ಔಟ್‌ಲುಕ್ ಅದನ್ನು ಹಿಡಿದುಕೊಂಡಿರುತ್ತದೆ, ಇಬ್ಬರ ಜಗಳದಲ್ಲಿ ಫೈಲು ನಲುಗುತ್ತದೆ. ಅದೇ ಫೋಲ್ಡರಿನಲ್ಲಿ ಕಂಪ್ಯೂಟರಿನ ಹೆಸರು ಅಂಟಿಸಿಕೊಂಡ ಇನ್ನೊಂದು ಪಿಎಸ್‌ಟಿ ಪ್ರತಿಯೂ ಬಿದ್ದಿತ್ತು. ಇಂಥ ಅವಳಿ ಪ್ರತಿ ಕಂಡರೆ ಮತ್ತೆ ಸಾಕ್ಷಿ ಬೇಕಿಲ್ಲ.

ಪಿಎಸ್‌ಟಿಯನ್ನು ನೆಟ್‌ವರ್ಕ್ ಹಂಚಿಕೆ ಫೋಲ್ಡರಿನಲ್ಲಿಟ್ಟು ಬಳಸುವವರಿಗೂ ಇದೇ ಮಾತು. ಮೈಕ್ರೋಸಾಫ್ಟ್ ಅದಕ್ಕೆ ಬೆಂಬಲವಿಲ್ಲ ಎಂದು ಎಷ್ಟೋ ಕಾಲದಿಂದ ಹೇಳುತ್ತಲೇ ಬಂದಿದೆ, ಜನ ಇಡುತ್ತಲೇ ಬಂದಿದ್ದಾರೆ.

ಜಾಗ ಬದಲಿಸುವುದು ಸುಲಭ. ಔಟ್‌ಲುಕ್ ಪೂರ್ತಿ ನಿಂತಿದೆಯೇ ಎಂದು ಟಾಸ್ಕ್ ಮ್ಯಾನೇಜರಿನಲ್ಲಿ ಖಚಿತ ಮಾಡಿಕೊಂಡು, ಸಿಂಕ್ ನಿಲ್ಲಿಸಿ, ಸಿ ಡ್ರೈವಿನಲ್ಲಿ ಸಿಂಕ್‌ಗೆ ಸಿಗದ ಫೋಲ್ಡರೊಂದಕ್ಕೆ ಫೈಲನ್ನು ಸರಿಸಿದೆ. ಮತ್ತೆ ತೆರೆದಾಗ ಫೈಲು ಕಾಣುತ್ತಿಲ್ಲ ಎಂದಿತು, ಹೊಸ ಜಾಗ ತೋರಿಸಿದೆ. ಅದಕ್ಕೂ ಮೊದಲು ಕೊನೆಯದಾಗಿ ಒಂದು ರಿಪೇರಿ. ಸ್ಕ್ಯಾನ್‌ಪಿಎಸ್‌ಟಿ ಎಂಬ ಆ ಪ್ರೋಗ್ರಾಂ ಸ್ಟಾರ್ಟ್ ಮೆನುವಿನಲ್ಲಿ ಕಾಣುವುದಿಲ್ಲ. ಆಫೀಸ್ ಸ್ಥಾಪನೆಯಾದ ಫೋಲ್ಡರಿನೊಳಗೆ, ಈಚಿನ ಆವೃತ್ತಿಗಳಲ್ಲಿ ರೂಟ್, ಅದರೊಳಗೆ ಆಫೀಸ್16 ಎಂದು ಇಳಿಯಬೇಕು. ರಿಪೇರಿಗೆ ಮುನ್ನ ಬ್ಯಾಕಪ್ ಮಾಡು ಎಂಬ ಗುರುತನ್ನು ತೆಗೆಯಬೇಡಿ. ಅದಕ್ಕೆ ಫೈಲಿನಷ್ಟೇ ಖಾಲಿ ಜಾಗ ಡಿಸ್ಕಿನಲ್ಲಿರಬೇಕು. ಒಂದು ಸಲ ಓಡಿಸಿದರೆ ಸಾಲದು, ದೋಷವಿಲ್ಲ ಅನ್ನುವವರೆಗೆ ಮತ್ತೆ ಓಡಿಸಬೇಕು. ಸಣ್ಣಪುಟ್ಟ ಅಸಂಗತಿ ಮಾತ್ರ ಇದೆ, ರಿಪೇರಿ ಐಚ್ಛಿಕ ಎಂದರೆ ಅಲ್ಲಿಗೆ ನಿಲ್ಲಿಸಬಹುದು. ದಿಕ್ಕಿಲ್ಲದ ಮೇಲುಗಳನ್ನು ಅದು ಲಾಸ್ಟ್ ಅಂಡ್ ಫೌಂಡ್ ಫೋಲ್ಡರಿಗೆ ಹಾಕಿರುತ್ತದೆ. ಅದನ್ನು ತೆರೆದು ನೋಡುವವರೇ ಕಡಿಮೆ.

ಹೀಗೆ ಮತ್ತೆ ಮತ್ತೆ ರಿಪೇರಿಯಾದ ಫೈಲನ್ನು ದಿನಬಳಕೆಗೆ ಇಟ್ಟುಕೊಳ್ಳಲು ನನಗೆ ಧೈರ್ಯವಿಲ್ಲ. ಹೊಸ ಪಿಎಸ್‌ಟಿ ಮಾಡಿ ಫೋಲ್ಡರುಗಳನ್ನು ಒಂದೊಂದಾಗಿ ಅದಕ್ಕೆ ನಕಲು ಮಾಡಿದೆ. ಒಟ್ಟಿಗೇ ಇಂಪೋರ್ಟ್ ಮಾಡಿದರೆ ಎಲ್ಲಿ ಸಿಕ್ಕಿಕೊಂಡಿತು ಎಂದು ತಿಳಿಯುವುದಿಲ್ಲ. ಒಂದೊಂದಾಗಿ ಮಾಡಿದರೆ ಕೆಟ್ಟ ಫೋಲ್ಡರು ತಾನೇ ಬಂದು ಸಿಗುತ್ತದೆ. ನಕಲಾದ ಮೇಲೆ ಹೊಸ ಫೈಲನ್ನು ಡೀಫಾಲ್ಟ್ ಮಾಡಬೇಕು, ಇಲ್ಲದಿದ್ದರೆ ಕ್ಯಾಲೆಂಡರಿನ ರಿಮೈಂಡರುಗಳು ಬರುವುದಿಲ್ಲ. ಪಾಪ್ ಖಾತೆಯಾದರೆ ಇಮೇಲ್ ಪುಟದ ಕೆಳಗಿರುವ ಚೇಂಜ್ ಫೋಲ್ಡರ್ ಒತ್ತಿ, ಬರುವ ಮೇಲು ಹೊಸ ಫೈಲಿಗೆ ಬೀಳುವಂತೆ ತಿರುಗಿಸಬೇಕು. ಹಳೆಯ ಫೈಲಿನ ಫೋಲ್ಡರುಗಳಿಗೆ ಕೈತೋರಿಸುತ್ತಿದ್ದ ರೂಲುಗಳನ್ನೂ ತಿದ್ದಬೇಕಾಗುತ್ತದೆ.

ಇದೇ ಅವಕಾಶದಲ್ಲಿ ಹಳೆಯ ವರ್ಷಗಳ ಮೇಲುಗಳನ್ನು ಬೇರೆ ಪಿಎಸ್‌ಟಿಗಳಿಗೆ ಸರಿಸಿದೆ. ಔಟ್‌ಲುಕ್ 2002 ಮತ್ತು ಅದಕ್ಕೂ ಹಿಂದಿನ, ಆನ್ಸಿ ಎಂಬ ಹಳೆಯ ಬಗೆಯ ಫೈಲುಗಳಿಗೆ 2 ಜಿಬಿ ಮಿತಿಯಿತ್ತು; ಆ ಗಡಿ ಮುಟ್ಟಿದರೆ ಫೈಲು ಕೆಟ್ಟಿತೆಂದೇ ಲೆಕ್ಕ. 2003ರಲ್ಲಿ ಬಂದ ಯುನಿಕೋಡ್ ಎಂಬ ಹೊಸ ಬಗೆಯ ಫೈಲಿಗೆ 20 ಜಿಬಿ, 2010ರಿಂದ 50 ಜಿಬಿ ಡೀಫಾಲ್ಟ್ ಮಿತಿ. ವಿಂಡೋಸಿನ ಒಳಸೆಟ್ಟಿಂಗುಗಳಿರುವ ರಿಜಿಸ್ಟ್ರಿಯಲ್ಲಿ ಅದನ್ನು ಏರಿಸಬಹುದು, ನಾನು ಏರಿಸಿಕೊಡುವುದಿಲ್ಲ. ಅಷ್ಟು ದೊಡ್ಡ ಫೈಲನ್ನು ನಕಲು ಮಾಡಲು ಯಾರಿಗೂ ತಾಳ್ಮೆ ಇರುವುದಿಲ್ಲ, ಹಾಗಾಗಿ ಬ್ಯಾಕಪ್ ಆಗುವುದೇ ಇಲ್ಲ. ಮೇಲು ಅಳಿಸಿದ ಕೂಡಲೇ ಫೈಲು ಕುಗ್ಗುವುದಿಲ್ಲ ಎಂಬುದೂ ನೆನಪಿರಲಿ. ಡೇಟಾ ಫೈಲಿನ ಸೆಟ್ಟಿಂಗಿನಲ್ಲಿ ಕಾಂಪ್ಯಾಕ್ಟ್ ನೌ ಒತ್ತಬೇಕು.

ಕ್ಲೌಡ್ ಬ್ಯಾಕಪ್ ಹೋಯಿತಲ್ಲ ಸರ್, ಈಗ ಏನು ಗತಿ ಎಂದು ಮೇಡಂ ಕೇಳಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಔಟ್‌ಲುಕ್ ಮುಚ್ಚುವ ಅಭ್ಯಾಸ ಅವರಿಗಿತ್ತು. ಟಾಸ್ಕ್ ಶೆಡ್ಯೂಲರಿನಲ್ಲಿ ಒಂದು ಸಣ್ಣ ಸ್ಕ್ರಿಪ್ಟು ಇಟ್ಟೆ: ಔಟ್‌ಲುಕ್ ಓಡುತ್ತಿದ್ದರೆ ಸುಮ್ಮನೆ ಹಿಂದಿರುಗುತ್ತದೆ, ಓಡದಿದ್ದರೆ ಮಾತ್ರ ಪಿಎಸ್‌ಟಿಯನ್ನು ಹೊರಗಿನ ಡಿಸ್ಕಿಗೆ ದಿನಾಂಕ ಸೇರಿಸಿದ ಹೆಸರಿನಲ್ಲಿ ನಕಲು ಮಾಡುತ್ತದೆ, ಹಳೆಯ ಕೆಲವು ಪ್ರತಿಗಳನ್ನು ಉಳಿಸಿಕೊಳ್ಳುತ್ತದೆ. ಆಗೀಗ ಹೋದಾಗ ಅದರಲ್ಲೊಂದನ್ನು ನನ್ನ ಲ್ಯಾಪ್‌ಟಾಪಿಗೆ ನಕಲಿಸಿಕೊಂಡು ಔಟ್‌ಲುಕ್‌ನಲ್ಲಿ ತೆರೆದು, ಕೊನೆಯ ದಿನದ ಮೇಲು ಕಾಣುತ್ತಿದೆಯೇ ಎಂದು ನೋಡುತ್ತೇನೆ. ನೋಡಿಯಾದ ಮೇಲೆ ಆ ನಕಲನ್ನು ಅಳಿಸಿ ಬರುತ್ತೇನೆ, ಅದು ಅವರ ಕಚೇರಿಯ ಪತ್ರವ್ಯವಹಾರ ತಾನೆ.