ಜನರೇಟರ್ ಕೊಟೇಶನ್: ಒಟ್ಟು ಮೊತ್ತವನ್ನು ಕೊನೆಗೆ ನೋಡಿ

ಮುಂಗಾರಿನ ಮೊದಲ ಗಾಳಿಗೆ ಕೊಂಬೆ ಮುರಿದು ತಂತಿ ಮೇಲೆ ಬಿದ್ದರೆ ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ರಾತ್ರಿಯಿಡೀ ಕರೆಂಟ್ ಇರುವುದಿಲ್ಲ. ನಮ್ಮ ಮನೆಯಲ್ಲಿ ಅಮ್ಮನಿಗೆ ಆಕ್ಸಿಜನ್ ಮೆಷಿನ್ ಬೇಕು. ಯುಪಿಎಸ್ ಸಾಲದೆ ಜನರೇಟರ್ ಹಾಕಿಸಲು ಹೊರಟೆವು. ಮೂರು ಕಡೆಯಿಂದ ಕೊಟೇಶನ್ ಬಂತು. ಒಬ್ಬರ ಬೆಲೆ ತುಂಬಾ ಕಡಿಮೆ. ಓದಿ ನೋಡಿದರೆ ಅದರಲ್ಲಿ ಅರ್ತಿಂಗ್ ಇಲ್ಲ, ಹೊಗೆ ಪೈಪ್ ಇಲ್ಲ, ಕೇಬಲ್ ಮುಂದೆ ‘ಎಕ್ಸ್‌ಟ್ರಾ’ ಅಂತ ಬರೆದಿತ್ತು. ಮೂವರೂ ಮೂರು ಬೇರೆ ಕೆಲಸಕ್ಕೆ ಬೆಲೆ ಹೇಳಿದ್ದರು. ಅವನ್ನು ಹೋಲಿಸುವುದು ಹೇಗೆ?

ಹಾಗಾಗಿ ಯಾರಿಗೂ ಫೋನ್ ಮಾಡುವ ಮೊದಲು ನಿಮ್ಮ ಪಟ್ಟಿ ನೀವೇ ಬರೆಯಿರಿ. ಕರೆಂಟ್ ಹೋದಾಗ ಯಾವುದು ಓಡಲೇಬೇಕು? ಲೈಟು, ಫ್ಯಾನು, ಫ್ರಿಜ್ಜು, ಸಂಪ್ ಮೋಟಾರು. 2 ಕಿಲೋವ್ಯಾಟ್ ಎಳೆಯುವ ಗೀಸರ್ ಬಿಡಬಹುದು. ಮೋಟಾರಿನ ವಿಷಯದಲ್ಲಿ ಮಾತ್ರ ಹುಷಾರು. 1 ಎಚ್‌ಪಿ ಅಂದರೆ 746 ವ್ಯಾಟ್, ನಿಜ. ಆದರೆ ಸ್ಟಾರ್ಟ್ ಆಗುವ ಆ ಕ್ಷಣದಲ್ಲಿ ಅದು ಐದಾರು ಪಟ್ಟು ಕರೆಂಟ್ ಎಳೆಯಬಹುದು. ಜನರೇಟರ್ ಮೇಲೆ ಬರೆದಿರುವ ಕೆವಿಎ ಬೇರೆ, ಅದು ನಿಜವಾಗಿ ಕೊಡುವ ಕಿಲೋವ್ಯಾಟ್ ಬೇರೆ. ಪವರ್ ಫ್ಯಾಕ್ಟರ್ (ಕೆವಿಎಯಲ್ಲಿ ಎಷ್ಟು ಪಾಲು ಕಿಲೋವ್ಯಾಟ್ ಅನ್ನುವ ಅಂಕಿ) 0.8 ಇದ್ದರೆ 5 ಕೆವಿಎ ಜನರೇಟರ್ ಸೆಟ್ ಕೊಡುವುದು 4 ಕಿಲೋವ್ಯಾಟ್ ಅಷ್ಟೇ. ಒಂದೇ ಪಟ್ಟಿಯನ್ನು ಮೂವರಿಗೂ ಕೊಡಿ.

ಮನೆ ನೋಡದೆ ವಾಟ್ಸ್‌ಆ್ಯಪ್‌ನಲ್ಲಿ ಬೆಲೆ ಕಳಿಸುವವರನ್ನು ಬಿಟ್ಟುಬಿಡಿ. 30×40 ಅಡಿಯ ಸೈಟಿನಲ್ಲಿ ಜಾಗವೇ ದೊಡ್ಡ ಪ್ರಶ್ನೆ. ಹೊಗೆ ಪಕ್ಕದ ಮನೆಯ ಕಿಟಕಿಗೆ ಹೋಗಬಾರದು, ನಮ್ಮ ಮನೆಯೊಳಗೂ ಬರಬಾರದು. ಮುಚ್ಚಿದ ಪಾರ್ಕಿಂಗಿನಲ್ಲಿ ಇಡೋಣ ಅಂದರೆ ಒಪ್ಪಲೇಬೇಡಿ. ಆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವರು ಏಳುವುದೇ ಇಲ್ಲ.

ಈಗ ಒಂದು ಹಾಳೆಯಲ್ಲಿ ಮೂರು ಕೊಟೇಶನ್‌ಗೆ ಮೂರು ಕಾಲಂ ಎಳೆದು ಒಂದೊಂದೇ ತುಂಬಿ. ಎಂಜಿನ್ ಯಾವುದು, ಕರೆಂಟ್ ಉತ್ಪಾದಿಸುವ ಭಾಗವಾದ ಆಲ್ಟರ್ನೇಟರ್ ಯಾವುದು, ಮಾಡೆಲ್ ಯಾವುದು ಅಂತ ಬರೆಸಿಕೊಳ್ಳಿ. ‘ಒಳ್ಳೆ ಕಂಪನಿದು ಸರ್’ ಅನ್ನುವ ಮಾತು ಸಾಲದು. 2023ರ ಜುಲೈ 1ರಿಂದ ಹೊಸ ಡೀಸೆಲ್ ಸೆಟ್‌ಗಳಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಹೊಗೆ ಮಿತಿ, ಅಂದರೆ ಸಿಪಿಸಿಬಿ 4 ಪ್ಲಸ್ ನಿಯಮ ಬಂದಿದೆ. ಬೆಲೆ ಜಾಸ್ತಿ ಇಳಿದಿದ್ದರೆ ಹಳೆಯ ಸ್ಟಾಕ್ ಇರಬಹುದು, ಸರ್ಟಿಫಿಕೇಟ್ ಕೇಳಿ. ಸದ್ದು 1 ಮೀಟರ್ ದೂರದಲ್ಲಿ 75 ಡೆಸಿಬಲ್ ದಾಟಬಾರದು. ಸದ್ದು ತಡೆಯುವ ಹೊರಪೆಟ್ಟಿಗೆ, ಅಂದರೆ ಕ್ಯಾನೋಪಿ, ಬೆಲೆಯಲ್ಲಿ ಸೇರಿದೆಯಾ ನೋಡಿ.

ನಾನು ಹೆಚ್ಚು ಹೊತ್ತು ಕೂತಿದ್ದು ಚೇಂಜ್‌ಓವರ್, ಅಂದರೆ ಮನೆಯನ್ನು ಬೆಸ್ಕಾಂ ಲೈನಿನಿಂದ ಜನರೇಟರ್‌ಗೆ ಬದಲಿಸುವ ಸ್ವಿಚ್ಚಿನ ಸಾಲಿನ ಮುಂದೆ. ಕೈಯಿಂದ ತಿರುಗಿಸುವ ಸ್ವಿಚ್ಚಾಗಲಿ, ತಾನಾಗಿಯೇ ಬದಲಾಗುವ ಎಎಂಎಫ್ ಪ್ಯಾನೆಲ್ಲಾಗಲಿ, ಬೆಸ್ಕಾಂ ಲೈನು ಮತ್ತು ಜನರೇಟರ್ ಎರಡೂ ಒಟ್ಟಿಗೆ ಸೇರದಂತೆ ಅದು ತಡೆಯಬೇಕು. ಇಲ್ಲದಿದ್ದರೆ ನಮ್ಮ ಮನೆಯ ಕರೆಂಟ್ ಹಿಂದಕ್ಕೆ ಹರಿದು ಬೀದಿಯ ತಂತಿಗೆ ಹೋಗುತ್ತದೆ. ಮಳೆಯಲ್ಲಿ ಕಂಬ ಹತ್ತಿರುವ ಲೈನ್‌ಮ್ಯಾನ್ ಲೈನು ಆಫ್ ಆಗಿದೆ ಅಂತಲೇ ನಂಬಿರುತ್ತಾರೆ. ಅಡ್ಡದಾರಿಯಲ್ಲಿ ಮನೆಯ ಸಾಕೆಟ್‌ಗೆ ಜನರೇಟರ್ ಪ್ಲಗ್ ಚುಚ್ಚಿ ಕೊಡುತ್ತೇನೆ ಅನ್ನುವವರನ್ನು ಬಾಗಿಲಿನಿಂದಲೇ ಕಳಿಸಿ. ಅರ್ತಿಂಗ್ ಕೂಡ ಹಾಗೆಯೇ. ಎಷ್ಟು ಗುಂಡಿ, ತಾಮ್ರವೋ ಜಿಐಯೋ (ಸತು ಲೇಪಿಸಿದ ಕಬ್ಬಿಣ), ನ್ಯೂಟ್ರಲ್‌ಗೂ ಜನರೇಟರ್ ಬಾಡಿಗೂ ಬೇರೆ ಬೇರೆಯೋ, ಎಲ್ಲವೂ ಬರವಣಿಗೆಯಲ್ಲಿ ಬರಲಿ.

ಉಳಿದವು ಚಿಕ್ಕವು, ಆದರೆ ದುಡ್ಡು ಸೋರುವುದು ಅಲ್ಲೇ ಅಲ್ವಾ? ಕೇಬಲ್ ಎಷ್ಟು ಮೀಟರ್, ಸಿಮೆಂಟ್ ಕಟ್ಟೆ ಯಾರ ಖರ್ಚು, ಲಾರಿಯಿಂದ ಇಳಿಸುವ ಕ್ರೇನ್ ಬಾಡಿಗೆ, ಬ್ಯಾಟರಿ, ಜಿಎಸ್‌ಟಿ. ಬಿಟ್ಟುಹೋದ ಸಾಲಿಗೆ ಬೆಲೆ ಕೇಳಿ ಸೇರಿಸಿ, ಆಮೇಲೆ ಕೂಡಿ. ನಮ್ಮ ‘ಕಡಿಮೆ’ ಕೊಟೇಶನ್ ಹೀಗೆ ಕೂಡಿದಾಗ ಎರಡನೆಯದಕ್ಕಿಂತ ಮೇಲೆ ಹೋಯಿತು.

ವಾರಂಟಿ ಎಷ್ಟು ವರ್ಷ, ಎಷ್ಟು ಗಂಟೆ ಓಡುವವರೆಗೆ, ರಾತ್ರಿ ಕೆಟ್ಟರೆ ಯಾರು ಬರುತ್ತಾರೆ ಅನ್ನುವುದನ್ನೂ ಕೇಳಿ.

ಹಣವನ್ನು ಒಂದೇ ಸಲ ಕೊಡಬೇಡಿ. ಕೊನೆಯ ಕಂತು ಪರೀಕ್ಷೆ ಆದ ಮೇಲೆ ಎಂದು ಮೊದಲೇ ಬರೆಸಿ. ಕೆಲಸ ಮುಗಿದ ದಿನ ಅವರೆದುರೇ ಮೇನ್ ಸ್ವಿಚ್ ಆಫ್ ಮಾಡಿ. ಫ್ರಿಜ್ಜು ಓಡುತ್ತಿರುವಾಗಲೇ ಸಂಪ್ ಮೋಟಾರ್ ಹಾಕಿ. ಲೈಟು ಮಂಕಾಗುತ್ತದಾ ನೋಡಿ. ಅರ್ಧ ಗಂಟೆ ಓಡಲಿ. ಅಷ್ಟರಲ್ಲಿ ಪಕ್ಕದ ಮನೆಗೆ ಹೋಗಿ, ಅವರ ಮಲಗುವ ಕೋಣೆಯ ಕಿಟಕಿ ಹತ್ತಿರ ನಿಂತು ಸದ್ದು ಕೇಳಿಸಿಕೊಂಡು ಬನ್ನಿ.