ವಿಮರ್ಶೆ ಆಮೇಲೆ, ಮೊದಲು ಪೆನ್ಸಿಲ್

ಸ್ಪೇನ್‌ನ ನಿರ್ದೇಶಕ ಪೆದ್ರೊ ಅಲ್ಮೊದೊವಾರ್ ಅವರ ‘ಲಾ ಆಫ್ ಡಿಸೈರ್’ ಬಗ್ಗೆ ಬಂದ ವಿಮರ್ಶೆಗಳನ್ನು ಓದಬೇಕೆಂದಿದ್ದರೆ ಮೊದಲು ಸಿನಿಮಾ ನೋಡಿಬಿಡಿ. ಕೈಯಲ್ಲಿ ಪೆನ್ಸಿಲ್ ಇರಲಿ, ನಗು ಬಂದ ಕಡೆಯೆಲ್ಲ ನಿಮಿಷ ಗುರುತು ಹಾಕಿಕೊಳ್ಳಿ. ನಾನು ಹಾಗೆ ಮಾಡದೆ ಕೆಟ್ಟೆ. ನಾಲ್ಕು ವಿಮರ್ಶೆ ಓದಿಕೊಂಡು ಗೆಳೆಯರ ಮುಂದೆ ‘ಇದು ಗಂಭೀರ ಥ್ರಿಲ್ಲರ್’ ಅಂತ ಪೀಠಿಕೆ ಹಾಕಿದ್ದೆ. ಸ್ವಲ್ಪ ಹೊತ್ತಿಗೇ ಕೋಣೆ ತುಂಬ ನಗು. ಮುಖ ಎಲ್ಲಿಟ್ಟುಕೊಳ್ಳಲಿ?

ಪಾಬ್ಲೊ ಸಿನಿಮಾ ನಿರ್ದೇಶಕ. ದೂರದಲ್ಲಿರುವ ಪ್ರಿಯಕರ ಹ್ವಾನ್‌ನ ಕಾಗದ ಸಪ್ಪೆಯಾಗಿದೆ. ಸರಿ, ತನಗೆ ಎಂಥ ಕಾಗದ ಬೇಕೋ ಅದನ್ನು ತಾನೇ ಟೈಪ್ ಮಾಡಿ, ಸಹಿ ಹಾಕಿ ಕಳಿಸು ಅಂತ ಅವನಿಗೇ ಅಂಚೆಗೆ ಹಾಕುತ್ತಾನೆ! ಇತ್ತ ಪಾಬ್ಲೊನ ಹುಚ್ಚು ಹಿಡಿಸಿಕೊಂಡ ಅಂತೋನಿಯೊಗೆ (ಎಳೆಯ ಆಂತೋನಿಯೊ ಬಂದೆರಾಸ್) ಅಮ್ಮನ ಹೆದರಿಕೆ, ನನಗೆ ಬರೆಯುವಾಗ ಹೆಂಗಸಿನ ಹೆಸರು ಹಾಕು ಅನ್ನುತ್ತಾನೆ. ಹೀಗೆ ಹುಟ್ಟಿದ ‘ಲಾರಾ ಪಿ.’ಯನ್ನೇ ಹ್ವಾನ್‌ನ ಕೊಲೆಯಾದ ಮೇಲೆ ಪೊಲೀಸರು ಹುಡುಕುತ್ತಾರೆ. ನಗಿಸಿದ ಹೆಸರೇ ಕೊಲೆಯ ಸುಳಿವು. ನಗು ಬೇರೆ, ಕೊಲೆ ಬೇರೆ ಅಂತ ಸೀಳಿ ಅಂಕ ಕೊಟ್ಟ ವಿಮರ್ಶೆಯನ್ನು ನಾನು ಅಲ್ಲಿಗೇ ಮಡಚಿಡುತ್ತೇನೆ.

ಆಮೇಲೆ ವಿಮರ್ಶೆಯ ನೆತ್ತಿಯ ಮೇಲೆ ಇಸವಿ ಬರೆಯಿರಿ. ಸಿನಿಮಾ ಬಂದದ್ದು 1987ರಲ್ಲಿ. ಸರ್ವಾಧಿಕಾರಿ ಫ್ರಾಂಕೊ ಸತ್ತು ಹನ್ನೆರಡು ವರ್ಷ, ಸ್ಪೇನ್‌ನಲ್ಲಿ ಸಲಿಂಗ ಪ್ರೇಮ ಅಪರಾಧವಲ್ಲವೆಂದಾಗಿ ಬರೀ ಎಂಟು. ಅದೇ ವರ್ಷ ಬರ್ಲಿನ್ ಚಿತ್ರೋತ್ಸವದಲ್ಲಿ ಮೊಟ್ಟಮೊದಲ ಟೆಡ್ಡಿ ಪ್ರಶಸ್ತಿ (ಸಲಿಂಗಿ, ಟ್ರಾನ್ಸ್ ಬದುಕಿನ ಚಿತ್ರಗಳಿಗೆ ಕೊಡುವುದು) ಇದಕ್ಕೆ ಸಿಕ್ಕಿತು. ಏಡ್ಸ್ ಭಯ ಎಲ್ಲೆಡೆ ಇದ್ದ ಕಾಲ ಅದು. ಕಥೆಯಲ್ಲಿ ಮಾತ್ರ ಆ ರೋಗದ ಸುಳಿವಿಲ್ಲ. ನ್ಯೂಯಾರ್ಕರ್ ಪತ್ರಿಕೆಯಲ್ಲಿ ವಿಮರ್ಶಕಿ ಪಾಲಿನ್ ಕೇಲ್ ಅದನ್ನು ಮರೆವೆನ್ನಲಿಲ್ಲ, ಬೇಕೆಂದೇ ಹೊರಗಿಟ್ಟದ್ದೆಂದು ಓದಿದರು.

‘ಸಲಿಂಗಿಯನ್ನೇ ಕೊಲೆಗಾರ ಮಾಡಿದ್ದಾರೆ’ ಎಂಬ ಆಕ್ಷೇಪ ಕಂಡರೆ ತಳ್ಳಿಹಾಕಬೇಡಿ. ಅದೇ ವರ್ಷದ ಹಾಲಿವುಡ್ ಚಿತ್ರ ‘ಫೇಟಲ್ ಅಟ್ರಾಕ್ಷನ್’ ಪಕ್ಕಕ್ಕಿಟ್ಟು ನೋಡಿ. ಅಲ್ಲಿ ಬೆನ್ನುಬಿದ್ದವಳು ಬರೀ ಪಿಶಾಚಿ, ಇಲ್ಲಿ ಕೊಲೆ ಮಾಡಿದ ಅಂತೋನಿಯೊನ ಮೇಲೆ ಕೊನೆಗೆ ಮರುಕ ಹುಟ್ಟುತ್ತದೆ. ನನ್ನ ಪ್ರಕಾರ ಆಕ್ಷೇಪ ಅಲ್ಲಿಗೆ ಅರ್ಧ ಸಡಿಲವಾಯಿತು, ಪೂರ್ತಿ ಅಲ್ಲ.

ಪಾಬ್ಲೊನ ಸೋದರಿ ತೀನಾ ಬಗ್ಗೆ ಒಂದೇ ಸಾಲು ಬರೆದು ಮುಗಿಸಿದವರನ್ನು ನಂಬಬೇಡಿ. ಮ್ಯಾಡ್ರಿಡ್‌ನ ಬೇಸಿಗೆ ರಾತ್ರಿ ಬೀದಿ ತೊಳೆಯುವವನಿಗೆ ‘ನನ್ನ ಮೇಲೆ ಬಿಡು’ ಅಂತ ಕೂಗಿ ಪೈಪಿನ ನೀರಿಗೆ ಮೈಯೊಡ್ಡುವ ಟ್ರಾನ್ಸ್ ಹೆಣ್ಣು ಆಕೆ, ಕಾರ್ಮೆನ್ ಮೌರಾ ಮಾಡಿದ ಪಾತ್ರ.

ಈಗ ನಿಮ್ಮ ಪಟ್ಟಿ ತೆಗೆಯಿರಿ, ವಿಮರ್ಶಕರು ನಕ್ಕ ಜಾಗಗಳ ಜೊತೆ ತಾಳೆ ನೋಡಿ. ಟೈಪ್‌ರೈಟರ್ ಕಿಟಕಿಯಿಂದ ಕೆಳಗೆ ಬಿದ್ದು ಹೊತ್ತಿಕೊಳ್ಳುವ ಜಾಗಕ್ಕೆ ನನ್ನ ಪಟ್ಟಿಯಲ್ಲಿ ಒಂದು ನಗುವಿನ ಗುರುತು, ಅದರ ಮೇಲೇ ಒಂದು ಗೀಟು.