ಕೆಂಪಿನ ಅಡ್ಡಿಗೆಗೆ ಬೆಳಕು, ಜುಮಕಿಗೆ ಹತ್ತು ಫ್ರೇಮ್

ಮೂರು ತಲೆಮಾರಿನ ಒಡವೆ ಅಂಗಡಿಯ ಜಾಹೀರಾತಿನ ವಿಡಿಯೊ ಮಾಡುವ ಕೆಲಸ ಕೈಗೆ ಬಂದರೆ ಮೊದಲ ದಿನ ನಾನು ಕಂಪ್ಯೂಟರ್ ಮುಟ್ಟುವುದಿಲ್ಲ. ಅಂಗಡಿಯಲ್ಲೇ ಯಾರಿಗಾದರೂ ಅಡ್ಡಿಗೆ, ಕಾಸಿನ ಸರ, ಜುಮಕಿ ಹಾಕಿಸಿ, ನೀರು ಕುಡಿಯಿರಿ, ತಿರುಗಿ ಮಾತಾಡಿ, ಬಗ್ಗಿ ಚಪ್ಪಲಿ ಹಾಕಿಕೊಳ್ಳಿ ಎನ್ನುತ್ತೇನೆ. ಫೋನಿನಲ್ಲಿ ಹತ್ತು ನಿಮಿಷ ಅದನ್ನೇ ಹಿಡಿಯುತ್ತೇನೆ. ನೀವೂ ಹಾಗೇ ಮಾಡಿ. ಅಡ್ಡಿಗೆ ಕತ್ತಿಗೆ ಅಂಟಿ ಉಸಿರಿನ ಜೊತೆ ಏರಿಳಿಯುತ್ತದೆ, ಕಾಸುಗಳು ಒಂದರ ಮೇಲೊಂದು ಜಾರುತ್ತವೆ, ತಲೆ ನಿಂತ ಮೇಲೂ ಜುಮಕಿ ಆಡುತ್ತಿರುತ್ತದೆ. ಮೋಷನ್ ಡಿಸೈನಿಗೆ, ಅಂದರೆ ಚಿತ್ರ, ಅಕ್ಷರಗಳಿಗೆ ಚಲನೆ ಕೊಡುವ ಕೆಲಸಕ್ಕೆ, ಬೇಕಾದ ಚಲನೆಯೆಲ್ಲ ಅಲ್ಲೇ ಇದೆ.

ಬೆಳಕಿನ ವಿಷಯದಲ್ಲಿ ಅವಸರ ಬೇಡ. ಹಳೇ ಕೆಂಪುಕಲ್ಲಿನ ಒಡವೆಯಲ್ಲಿ ಕಲ್ಲಿನ ಬೆನ್ನು ಮುಚ್ಚಿರುತ್ತದೆ, ಒಳಗೆ ತೆಳ್ಳನೆಯ ಹೊಳೆಯುವ ತಗಡು. ಕಲ್ಲಿನೊಳಗೆ ಇಳಿದ ಬೆಳಕು ಆ ತಗಡಿಗೆ ತಾಗಿ ಮೇಲೆ ಬರುತ್ತದೆ. ಹಲವು ಮುಖಗಳಾಗಿ ಕತ್ತರಿಸಿದ ವಜ್ರದ ಹಾಗೆ ಅದು ಚುಚ್ಚಿ ಮಿನುಗುವುದಿಲ್ಲ; ನುಣುಪಾದ ಉಬ್ಬುಕಲ್ಲಿನ ಮೇಲೆ ಬೆಳಕು ಎಣ್ಣೆಯ ಹನಿಯಂತೆ ಜಾರುತ್ತದೆ. ಅದಕ್ಕೇ ಕ್ಯಾಮೆರಾ, ಒಡವೆ ಎರಡನ್ನೂ ಅಲುಗದಂತೆ ಇಟ್ಟು ದೀಪವನ್ನು ಸರಿಸಿ. ಉದ್ದನೆಯ ಕಿರಿದಾದ ಸಾಫ್ಟ್‌ಬಾಕ್ಸ್ (ಬೆಳಕನ್ನು ಮೆದುವಾಗಿಸುವ ಬಟ್ಟೆ ಕಟ್ಟಿದ ದೀಪ), ಎಡದಿಂದ ಬಲಕ್ಕೆ ನಾಲ್ಕು ಸೆಕೆಂಡ್. ತೀರಾ ಹತ್ತಿರದಿಂದ ಹಿಡಿಯುವ 100 ಎಂಎಂ ಮ್ಯಾಕ್ರೋ ಲೆನ್ಸ್ ಸಾಕು. ಎಡಿಟಿಂಗಿನಲ್ಲಿ ನಕ್ಷತ್ರದ ಮಿಂಚು ಸೇರಿಸಲೇಬೇಡಿ, ಈ ಕಲ್ಲಿಗೆ ಅದು ಸುಳ್ಳು.

ಚಿನ್ನ ಕನ್ನಡಿಯಿದ್ದಂತೆ. ಸುತ್ತಲೂ ಬಿಳಿ ಬಟ್ಟೆ ಕಟ್ಟಿದರೆ 22 ಕ್ಯಾರಟ್ ಕೂಡ ಸಪ್ಪೆ ಹಿತ್ತಾಳೆಯಾಗಿ ಕಾಣುತ್ತದೆ. ಪಕ್ಕದಲ್ಲಿ ಎರಡು ಬೆರಳಗಲದ ಕಪ್ಪು ರಟ್ಟು ಹಿಡಿಯಿರಿ, ಅಂಚು ಎದ್ದು ಬರುತ್ತದೆ.

ಈಗ ಜುಮಕಿ. ನಾಲ್ಕು ಸೆಂಟಿಮೀಟರ್ ಇಳಿಬಿದ್ದದ್ದು ಒಮ್ಮೆ ಹೋಗಿ ಬರಲು ಸುಮಾರು 0.4 ಸೆಕೆಂಡ್ ಸಾಕು. ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ) ಲೆಕ್ಕದಲ್ಲಿ ಹತ್ತೇ ಫ್ರೇಮ್. ನನ್ನ ಮೊದಲ ಕ್ಯಾಂಪೇನಿನಲ್ಲಿ ಗಾಂಭೀರ್ಯ ಬರಲಿ ಎಂದು ತ್ರೀಡಿ ಜುಮಕಿಯನ್ನು ಎರಡು ಸೆಕೆಂಡಿಗೊಮ್ಮೆ ತೂಗಿಸಿದ್ದೆ. ಅಂಗಡಿಯ ಹಿರಿಯಮ್ಮ ನೋಡಿ, "ಏನಮ್ಮಾ, ಇದು ದೇವಸ್ಥಾನದ ಗಂಟೆ ಆಡಿದ ಹಾಗಿದೆಯಲ್ಲ" ಎಂದರು. ನಿಧಾನ ಮಾಡಿದ್ದಕ್ಕೆ ಪುಟ್ಟ ಒಡವೆ ಒಂದು ಮೀಟರ್ ಉದ್ದದ್ದಾಗಿ ಕಂಡಿತ್ತು. ನಿಧಾನವೇ ಬೇಕಿದ್ದರೆ ನಿಜವಾದ ಜುಮಕಿಯನ್ನು 100 ಫ್ರೇಮಿನಲ್ಲಿ ಚಿತ್ರಿಸಿ 25ರಲ್ಲಿ ಓಡಿಸಿ. ಆಗ ಕೆಳಗಿನ ಮುತ್ತುಗಳ ಅದುರಾಟವೂ ಸಿಗುತ್ತದೆ, ಕಣ್ಣು ಅದನ್ನು ನಂಬುತ್ತದೆ.

ಅಂಗಡಿಯ ಹೆಸರನ್ನು ಪರದೆಯ ಮೇಲೆ ಮೂಡಿಸುವಾಗ ಕನ್ನಡದ ಕಡೆ ಗಮನವಿರಲಿ. ಅಕ್ಷರ ಒಂದೊಂದಾಗಿ ಬರುವ ಎಫೆಕ್ಟ್ ಹಾಕಿದರೆ "ಸ್ವರ್ಣ" ಎಂಬಲ್ಲಿ ವ ಒತ್ತು ಒಂದು ಕಡೆ, ಅರ್ಕಾವೊತ್ತು ಇನ್ನೊಂದು ಕಡೆ ಚೆದುರಬಹುದು. ಪದವನ್ನು ಮೊದಲು ಆಕಾರವಾಗಿ ಬದಲಿಸಿ, "ಸ್ವ" ಒಂದು, "ರ್ಣ" ಒಂದು ಎಂದು ಗುಂಪು ಮಾಡಿ, ಆಮೇಲೆ ಚಲನೆ ಕೊಡಿ. ಅಂಗಡಿಯ ಹಳೇ ಬೋರ್ಡಿನ ಬರಹ ಚೆನ್ನಾಗಿದ್ದರೆ ಅದನ್ನೇ ಫೋಟೋ ತೆಗೆದು ತಿದ್ದಿಕೊಳ್ಳಿ. ಕೊಂಡ ಫಾಂಟಿನಲ್ಲಿ ಆ ಕೈ ಸಿಗದು.

ಮಾಲೀಕರಿಗಿಂತ ಮೊದಲು ಅಕ್ಕಸಾಲಿಗರಿಗೆ ತೋರಿಸಿ. ಕಳೆದ ಸಲ ನಮ್ಮ ತ್ರೀಡಿ ಓಲೆ ಪೂರ್ತಿ ಒಂದು ಸುತ್ತು ತಿರುಗುತ್ತಿತ್ತು. ಅವರು ಕನ್ನಡಕ ಏರಿಸಿ, ಫೋನನ್ನು ಹತ್ತಿರ ಹಿಡಿದು ಕೇಳಿದರು: "ತಿರುಪು ಎಲ್ಲಿ?" ಹಿಂಬದಿಯಲ್ಲಿ ತಿರುಪೇ ಇರಲಿಲ್ಲ. ಅಂದು ರಾತ್ರಿ ಕೂತು ತಿರುಪನ್ನು ಅದರ ಸುರುಳಿ ಗೀರುಗಳನ್ನೂ ಸೇರಿಸಿ ಮಾಡಿದೆವು.